ಸ್ವಂತ ಕುದುರೆಯ ಸೈನಿಕ: ಕೊಸಾಕ್ ಗೊಂಬೆಗೆ ಬಣ್ಣ ಹಚ್ಚುವ ಮೊದಲು

ಆಟಿಕೆ ಸೈನಿಕರಿಗೆ ಬಣ್ಣ ಹಚ್ಚುವ ಹವ್ಯಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಮೂರು ಗೊಂಬೆ ಇಟ್ಟಿದ್ದೇನೆ. ಮೂರೂ ಕುದುರೆ ಸವಾರರು. ಮೂರು ಡಬ್ಬಿಗಳ ಮೇಲೂ ಕೊಸಾಕ್ ಅಂತಲೇ ಬರೆದಿದೆ, ಅಂದರೆ ರಷ್ಯಾ, ಪೋಲೆಂಡ್‌ಗಳ ದಕ್ಷಿಣದ ಹುಲ್ಲುಗಾವಲಿನ ಕುದುರೆ ಸವಾರ ಜನ. ಮೊದಲನೆಯವನ ತಲೆ ಬೋಳು. ನೆತ್ತಿಯ ಮೇಲೆ ಮಾತ್ರ ಉದ್ದ ಜುಟ್ಟು, ಇಳಿಬಿದ್ದ ಮೀಸೆ, ತುಂಬಾ ಸಡಿಲವಾದ ಕೆಂಪು ಷರಾಯಿ. ಎರಡನೆಯವನಿಗೆ ಗಡ್ಡ, ತುಪ್ಪಳದ ಕಪ್ಪು ಟೋಪಿ, ಕಡುನೀಲಿ ಅಂಗಿ, ಕೈಯಲ್ಲಿ ಉದ್ದದ ಈಟಿ. ಮೂರನೆಯವನು ಮೊಣಕಾಲು ಮುಚ್ಚುವ ಕೋಟು ಹಾಕಿ, ಎದೆಯ ಎರಡೂ ಕಡೆ ಸಾಲಾಗಿ ಸಣ್ಣ ಕೊಳವೆಗಳನ್ನು ಸಿಕ್ಕಿಸಿಕೊಂಡಿದ್ದಾನೆ.

ಬಣ್ಣದ ಡಬ್ಬಿ ತೆಗೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇವನು ಯಾವ ಕೊಸಾಕ್? ಜುಟ್ಟಿನವನು ಜಪೊರೋಜ್ಯದವನು. ಈಗಿನ ಉಕ್ರೇನಿನಲ್ಲಿ ದ್ನೀಪರ್ ನದಿ ಬಂಡೆಗಳ ನಡುವೆ ರಭಸವಾಗಿ ಹರಿಯುವ ಜಾಗದಾಚೆ ಕೋಟೆ ಕಟ್ಟಿಕೊಂಡಿದ್ದ ಗುಂಪು ಅದು. ಈಟಿಯವನು ದಕ್ಷಿಣ ರಷ್ಯಾದ ದೋನ್ ನದಿಯ ಕೊಸಾಕ್, ನೆಪೋಲಿಯನ್ ಕಾಲದವನು. ಕೊಳವೆಯವನು ಕಾಕಸಸ್ ಬೆಟ್ಟಗಳ ಬುಡದ ಕುಬಾನ್ ಕೊಸಾಕ್, 19ನೇ ಶತಮಾನದ ಕೊನೆಯವನು. ಮೊದಲನೆಯವನಿಗೂ ಮೂರನೆಯವನಿಗೂ ಸುಮಾರು 200 ವರ್ಷ ಅಂತರ.

ತಮಾಷೆ ಏನು ಗೊತ್ತಾ? ಮೊದಲನೆಯವನ ವಂಶದವರೇ ಮೂರನೆಯವರಾದರು. 1775ರಲ್ಲಿ ರಷ್ಯಾದ ಮಹಾರಾಣಿ ಕ್ಯಾಥರೀನ್ ಜಪೊರೋಜ್ಯದ ಕೋಟೆಯನ್ನು ಕೆಡವಿಸಿದಳು. ಅಲ್ಲಿಂದ ಚದುರಿದವರಲ್ಲಿ ಎಷ್ಟೋ ಜನರನ್ನು ಮತ್ತೆ ಸೇರಿಸಿ ಕಪ್ಪುಸಮುದ್ರದ ಕೊಸಾಕ್ ಸೈನ್ಯ ಕಟ್ಟಿದರು. 1792ರಲ್ಲಿ ಅವರಿಗೆ ಕುಬಾನ್ ನದಿಯ ಪಕ್ಕ ಜಮೀನು ಕೊಟ್ಟರು. ನದಿಯ ಆಚೆ ದಡದಲ್ಲಿ ಕಾಕಸಸ್ ಬೆಟ್ಟಗಳ ಚೆರ್ಕೆಸ್ ಜನ. ಅವರ ಜೊತೆ ದಶಕಗಳ ಕಾಲ ಹೊಡೆದಾಡುತ್ತಲೇ ಈ ಕೊಸಾಕರು ಅವರ ಉದ್ದ ಕೋಟು, ಬಾಕು, ತುಪ್ಪಳದ ಟೋಪಿ, ಎಲ್ಲವನ್ನೂ ತಮ್ಮದಾಗಿಸಿಕೊಂಡರು. ಎದೆಯ ಮೇಲಿನ ಆ ಕೊಳವೆಗಳು ಒಂದೊಂದು ಗುಂಡಿಗೆ ಬೇಕಾದಷ್ಟು ಮದ್ದನ್ನು ಅಳೆದು ತುಂಬಿಡಲು ಇದ್ದವು. ಬಂದೂಕಿಗೆ ಸಿದ್ಧ ತೋಟಾ ಬಂದ ಮೇಲೆ ಅವು ಬರೀ ಅಲಂಕಾರವಾಗಿ ಉಳಿದವು. ಸಿನಿಮಾದಲ್ಲಿ, ಸರ್ಕಸ್ಸಿನಲ್ಲಿ ನಾವು ಕೊಸಾಕ್ ಉಡುಪು ಅಂತ ನೋಡುವುದು ಜಾಸ್ತಿ ಇದನ್ನೇ. ಅಂದರೆ ಕೊಸಾಕರ ಶತ್ರುವಿನ ಉಡುಪನ್ನು.

ಇವತ್ತು ನಾನು ಮಾತಾಡುವುದು ಎರಡನೆಯವನ ಬಗ್ಗೆ. 1812ರ ದೋನ್ ಕೊಸಾಕ್. ಅಳತೆ 54 ಮಿಲಿಮೀಟರ್, ಅಂದರೆ ಕಾಲ ಮೇಲೆ ನಿಂತ ಮನುಷ್ಯನ ಎತ್ತರ ಅಷ್ಟು.

ಈ 54 ಮಿಲಿಮೀಟರ್ ಎಲ್ಲಿಂದ ಬಂತು ಅಂತ ಹೊಸಬರು ಕೇಳುತ್ತಾರೆ. ಚುಟುಕಾಗಿ ಹೇಳಿಬಿಡುತ್ತೇನೆ. 18ನೇ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ತವರದ ಚಪ್ಪಟೆ ಸೈನಿಕರನ್ನು ಮಾಡುತ್ತಿದ್ದರು. ಎದುರಿನಿಂದ ನೋಡಿದರೆ ಚಿತ್ರ, ಪಕ್ಕದಿಂದ ನೋಡಿದರೆ ಗೆರೆ. ಆಮೇಲೆ ಗಟ್ಟಿ ಸೀಸದ ದುಂಡು ಗೊಂಬೆಗಳು ಬಂದವು. ಅವು ಭಾರ, ದುಬಾರಿ. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಎಂಬ ಆಟಿಕೆ ತಯಾರಕರ ಮನೆತನ ಟೊಳ್ಳು ಎರಕದ ಉಪಾಯ ಕಂಡುಹಿಡಿಯಿತು. ಕಾದ ಸೀಸವನ್ನು ಅಚ್ಚಿಗೆ ಹೊಯ್ಯುವುದು, ಅಂಚು ಗಟ್ಟಿಯಾದ ತಕ್ಷಣ ಒಳಗಿನ ದ್ರವವನ್ನು ವಾಪಸ್ ಸುರಿದುಬಿಡುವುದು. ಸೀಸ ಉಳಿಯಿತು, ಬೆಲೆ ಇಳಿಯಿತು. ಆಗಿನ ಆಟಿಕೆ ರೈಲಿನ ಪಕ್ಕ ಇಟ್ಟರೆ ಹೊಂದುವಂಥ ಅಳತೆಯನ್ನೇ ಇಟ್ಟುಕೊಂಡರು. ಅದೇ 54.

ಬ್ರಿಟನ್ಸ್‌ನವರು ಪೇಪರಿನ ಸುದ್ದಿ ನೋಡಿ ಗೊಂಬೆ ಮಾಡುತ್ತಿದ್ದರು. 1904ರಲ್ಲಿ ರಷ್ಯಾಕ್ಕೂ ಜಪಾನಿಗೂ ಯುದ್ಧ ಶುರುವಾಯಿತು. ಅದರ ಬೆನ್ನಿಗೇ ಜಪಾನಿ ಸೈನಿಕರು, ರಷ್ಯನ್ ಸೈನಿಕರು, ಈಟಿ ಹಿಡಿದ ಕೊಸಾಕ್ ಸವಾರರು ಅಂಗಡಿಗೆ ಬಂದರು. ಬಣ್ಣ ಹಚ್ಚುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಎಷ್ಟೋ ಜನ ಮನೆಯಲ್ಲೇ ಕೂತು ಡಜನ್ ಲೆಕ್ಕದಲ್ಲಿ ಹಚ್ಚುತ್ತಿದ್ದರು. ಹೊಳೆಯುವ ಎನಾಮಲ್, ಅಂಗಿಗೆ ಒಂದು ಬಣ್ಣ, ಷರಾಯಿಗೆ ಒಂದು ಬಣ್ಣ, ಕೆನ್ನೆಗೆ ಗುಲಾಬಿ ಚುಕ್ಕೆ, ಮುಗೀತು. ಆ ಶೈಲಿಯಲ್ಲಿ ಇವತ್ತಿಗೂ ಹಚ್ಚುವವರಿದ್ದಾರೆ. ನನಗೂ ಇಷ್ಟ. ಆದರೆ ಈ ದೋನ್ ಕೊಸಾಕನಿಗೆ ಅದು ಒಪ್ಪುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊಳಪಿನ ಶೈಲಿ ಒಂದೇ ಗೋದಾಮಿನಿಂದ ಬಟ್ಟೆ ಪಡೆದ ಸೈನಿಕನಿಗೆ ಸರಿ. ಕೊಸಾಕನಿಗೆ ಯಾವ ಗೋದಾಮೂ ಬಟ್ಟೆ ಕೊಡುತ್ತಿರಲಿಲ್ಲ.

ಇಡೀ ವಿಷಯದ ಕೀಲಿ ಇರುವುದು ಅಲ್ಲೇ. ಕೊಸಾಕ್ ಯಾರು? 15, 16ನೇ ಶತಮಾನಗಳಲ್ಲಿ ರಷ್ಯಾ, ಪೋಲೆಂಡ್ ರಾಜ್ಯಗಳ ಗಡಿ ದಾಟಿ ದಕ್ಷಿಣದ ಹುಲ್ಲುಗಾವಲಿಗೆ ಓಡಿಹೋದವರು. ಜೀತ ತಪ್ಪಿಸಿಕೊಂಡ ರೈತರು, ಸಾಲಗಾರರು, ಬೇಟೆಗಾರರು, ತಾತಾರರ ಪೈಕಿ ಕೆಲವರು. ನದಿಗಳ ಪಕ್ಕ ನೆಲೆ ನಿಂತು, ತಮ್ಮ ನಾಯಕನನ್ನು ತಾವೇ ಆರಿಸಿಕೊಂಡು, ಮೀನು ಹಿಡಿದು, ದರೋಡೆ ಮಾಡಿ ಬದುಕಿದರು. ಆ ನಾಯಕನನ್ನು ಅತಮಾನ್ ಅನ್ನುತ್ತಾರೆ. ಯೆರ್ಮಾಕ್ ಎಂಬ ಅತಮಾನ್ 1580ರ ದಶಕದಲ್ಲಿ ಸೈಬೀರಿಯಾಕ್ಕೆ ನುಗ್ಗಿದ. ಸ್ಟೆಂಕಾ ರಾಜಿನ್ ಎಂಬ ದೋನ್ ಕೊಸಾಕ್ ದಂಗೆ ಎದ್ದು, ವೋಲ್ಗಾ ದಡದ ಊರುಗಳನ್ನು ಹಿಡಿದು, 1671ರಲ್ಲಿ ಮಾಸ್ಕೋದಲ್ಲಿ ತಲೆ ಕಳೆದುಕೊಂಡ. 100 ವರ್ಷ ಆದ ಮೇಲೆ ಇನ್ನೊಬ್ಬ ದೋನ್ ಕೊಸಾಕ್ ಪುಗಚೋವ್, ತಾನೇ ಸತ್ತುಹೋದ ಜಾರ್, ಅಂದರೆ ರಷ್ಯಾದ ಚಕ್ರವರ್ತಿ, ಅಂತ ಹೇಳಿಕೊಂಡು ಇನ್ನೂ ದೊಡ್ಡ ದಂಗೆ ನಡೆಸಿದ. ಅವನನ್ನು 1775ರಲ್ಲಿ ಕೊಂದರು. ಕ್ಯಾಥರೀನ್‌ಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ, ದಂಗೆ ಶುರುವಾದ ಯಾಯಿಕ್ ನದಿಯ ಹೆಸರನ್ನೇ ಅಳಿಸಿ ಉರಾಲ್ ಅಂತ ಇಟ್ಟಳು.

ಇಂಥ ಜನರನ್ನು ಮುಗಿಸುವುದಕ್ಕಿಂತ ಸಂಬಳಕ್ಕೆ ಇಟ್ಟುಕೊಳ್ಳುವುದು ಲಾಭ ಅಂತ ರಷ್ಯಾದ ಅರಸರಿಗೆ ಅರ್ಥವಾಗಿತ್ತು. ಒಪ್ಪಂದ ಸರಳ. ಜಮೀನು ನಿಮ್ಮದು, ತಲೆಗಂದಾಯ ಇಲ್ಲ. ಬದಲಿಗೆ ಕರೆದಾಗ ಬರಬೇಕು. ಬರುವಾಗ ಕುದುರೆ, ಜೀನು, ಬಟ್ಟೆ, ಕತ್ತಿ, ಈಟಿ ನೀವೇ ತರಬೇಕು.

ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಸಿಲೇದಾರ ಅನ್ನುವ ಪದವೇ ಇದೆ. ಸ್ವಂತ ಕುದುರೆ ತಂದು ಸೇವೆ ಮಾಡುವವನು ಸಿಲೇದಾರ, ಬೇರೆಯವರ ಕುದುರೆ ಹತ್ತುವವನು ಬಾರ್ಗೀರ. ಹೈದರ್, ಟಿಪ್ಪು ಇಬ್ಬರ ಸೈನ್ಯದಲ್ಲೂ ಸಿಲೇದಾರರಿದ್ದರು. 1803ರ ಮರಾಠಾ ಯುದ್ಧದಲ್ಲಿ ಇಂಗ್ಲಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿಯ ಜೊತೆ ಹೋದದ್ದು ಮೈಸೂರಿನ ಸಿಲೇದಾರ್ ಕುದುರೆ ಪಡೆ. ಸಿಲೇದಾರನ ಕುದುರೆ ಸತ್ತರೆ ಅವನ ಹೊಟ್ಟೆಪಾಡೇ ಹೋಯಿತು. ಹಾಗಾಗಿ ತೋಪಿನ ಬಾಯಿಗೆ ನೇರವಾಗಿ ನುಗ್ಗಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಸುತ್ತುಹಾಕುವುದು, ಹಿಂದಿನಿಂದ ಬೀಳುವುದು, ದವಸದ ಗಾಡಿ ಹೊಡೆಯುವುದು, ಇದೇ ಅವನ ಕೆಲಸ. ದೋನ್ ಕೊಸಾಕನದೂ ಇದೇ ಕಥೆ. ಯುರೋಪಿನ ಸೇನಾಧಿಕಾರಿಗಳು ಅವನನ್ನು ಹೇಡಿ ಅಂದರು. ಸ್ವಂತ ದುಡ್ಡಿನ ಕುದುರೆ ಮೇಲೆ ಕೂತಿದ್ದರೆ ಅವರೂ ಹಾಗೇ ಮಾಡುತ್ತಿದ್ದರು ಅಂತ ನನಗನ್ನಿಸುತ್ತದೆ.

ಆದ್ದರಿಂದ ನಾನು ಯಾವಾಗಲೂ ಕುದುರೆಯಿಂದ ಶುರು ಮಾಡುತ್ತೇನೆ. ಈ ಗೊಂಬೆಯಲ್ಲಿ ಕೊಸಾಕನ ದೊಡ್ಡ ಆಸ್ತಿ ಅಂದರೆ ಅದೇ.

ಮೊದಲು ಸಿದ್ಧತೆ. ಅಚ್ಚಿನ ಎರಡು ಹೋಳು ಸೇರಿದ ಕಡೆ ಒಂದು ಸಣ್ಣ ಏಣು ಉಳಿದಿರುತ್ತದೆ. ಕುದುರೆಯ ಬೆನ್ನು, ಹೊಟ್ಟೆ, ಕಾಲುಗಳ ಹಿಂಭಾಗ ನೋಡಿ. ಚೂಪು ಚಾಕುವನ್ನು ಅಡ್ಡ ಹಿಡಿದು ಕೆರೆಯಿರಿ. ಆಮೇಲೆ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿಗೆ ಸವರಿದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ನಂತರ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಪದರ, ತೆಳ್ಳಗೆ. ಬೂದು ಬಣ್ಣದ್ದು ಒಳ್ಳೆಯದು, ಬಿಟ್ಟುಹೋದ ಏಣು ಅದರಲ್ಲಿ ಕಣ್ಣಿಗೆ ಬೀಳುತ್ತದೆ.

ಕುದುರೆಯ ಬಣ್ಣ ಯಾವುದು? ದೋನ್ ತಳಿ ಅಂದ ಕೂಡಲೇ ಬಂಗಾರದ ಹೊಳಪಿನ ಕೆಂಗಂದು ಬಣ್ಣ ನೆನಪಾಗುತ್ತದೆ. ಅದು ಮುಂದೆ 19ನೇ ಶತಮಾನದಲ್ಲಿ ಪರ್ಷಿಯಾ, ತುರ್ಕಮೆನ್, ಕಾರಾಬಾಖ್ ತಳಿಗಳ ರಕ್ತ ಬೆರೆತು ಚೆನ್ನಾಗಿ ನೆಲೆಯಾದ ರೂಪ. 1812ರಲ್ಲಿ ಹೆಚ್ಚಿನವು ಹುಲ್ಲುಗಾವಲಿನ ಹಳೇ ಕುದುರೆಗಳು. ಕುಳ್ಳು, ಗಿಡ್ಡ ಕುತ್ತಿಗೆ, ನೋಡಲು ಏನೂ ಚೆಂದವಿಲ್ಲ. ಆದರೆ ಹಿಮದ ಕೆಳಗಿನ ಹುಲ್ಲನ್ನು ಗೊರಸಿನಿಂದ ಕೆರೆದು ತಿನ್ನುವಂಥವು. ಫ್ರೆಂಚರ ದೊಡ್ಡ ಕುದುರೆಗಳು ಓಟ್ಸ್ ಇಲ್ಲದೆ ದಾರಿಯಲ್ಲೇ ಬಿದ್ದು ಸತ್ತವು, ಇವು ಬದುಕಿದವು. ಹಾಗಾಗಿ ಕೆಂಗಂದು, ಕಡುಗಂದು, ಬೂದು, ಕಪ್ಪು, ಯಾವುದಾದರೂ ನಡೆಯುತ್ತದೆ. ಗುಂಪು ಮಾಡುತ್ತಿದ್ದರೆ ಎಲ್ಲವನ್ನೂ ಒಂದೇ ಬಣ್ಣ ಮಾಡಬೇಡಿ. ಪ್ರತಿಯೊಬ್ಬನೂ ಅವನವನ ಮನೆಯಿಂದ ತಂದ ಕುದುರೆ ಅದು.

ನಾನು ಮಾಡುವುದು ಹೀಗೆ. ಇಡೀ ಕುದುರೆಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್‌ ಬಣ್ಣದಲ್ಲಿ ಹಳದಿಗೂ ಕಿತ್ತಳೆಗೂ ನಡುವಿನ ಬಣ್ಣ. ನೋಡಿದವರು ನಗುವಷ್ಟು ಗಾಢ. ಚೆನ್ನಾಗಿ ಒಣಗಲಿ. ಅದರ ಮೇಲೆ ಟ್ಯೂಬಿನ ಆಯಿಲ್ ಬಣ್ಣ, ಕೆಂಗಂದಿನ ಬರ್ನ್ಟ್ ಸಿಯೆನ್ನಾ ಅಥವಾ ಗಾಢ ಕಂದಿನ ಬರ್ನ್ಟ್ ಅಂಬರ್, ಇಡೀ ಮೈಗೆ ಬಳಿದುಬಿಡಿ. ಸ್ವಲ್ಪ ಹೊತ್ತು ಬಿಟ್ಟು, ಸ್ಪಂಜಿನ ತುಂಡಿನಿಂದ ಮೆಲ್ಲಗೆ ಒರೆಸಿ. ಕೂದಲು ಬೆಳೆಯುವ ದಿಕ್ಕಿನಲ್ಲೇ ಒರೆಸಬೇಕು. ಉಬ್ಬಿದ ಮಾಂಸಖಂಡಗಳ ಮೇಲಿನ ಬಣ್ಣ ಹೋಗಿ ಕೆಳಗಿನ ಕಿತ್ತಳೆ ಇಣುಕುತ್ತದೆ. ತಗ್ಗುಗಳಲ್ಲಿ ಕಂದು ಉಳಿಯುತ್ತದೆ. ಬೆಳಕು ನೆರಳು ತಾನಾಗಿಯೇ ಬಂತು. ಬ್ರಷ್ಷಿನಿಂದ ಎಷ್ಟು ಒದ್ದಾಡಿದರೂ ಇಷ್ಟು ಚೆಂದ ಬರಲ್ಲ. ಆಮೇಲೆ ಧೂಳು ಬೀಳದ ಹಾಗೆ ಡಬ್ಬಿ ಮುಚ್ಚಿ ಕೆಲವು ದಿನ ಮುಟ್ಟಬೇಡಿ. ಆಯಿಲ್ ನಿಧಾನ. ಅಕ್ರಿಲಿಕ್ ಮೇಲೆ ಆಯಿಲ್ ಕೂರುತ್ತದೆ, ಆಯಿಲ್ ಮೇಲೆ ಅಕ್ರಿಲಿಕ್ ಕೂರುವುದಿಲ್ಲ, ಅದು ನೆನಪಿರಲಿ.

ಕಡುಗಂದು ಕುದುರೆಯಾದರೆ ಜೂಲು, ಬಾಲ, ಮೊಣಕಾಲಿನ ಕೆಳಗೆ ಕಪ್ಪು ಬರಬೇಕು. ಕೆಂಗಂದು ಕುದುರೆಗೆ ಅದಿಲ್ಲ, ಜೂಲೂ ಮೈಬಣ್ಣದ್ದೇ, ಇಲ್ಲವೇ ಅದಕ್ಕಿಂತ ತಿಳಿ. ಈ ಒಂದು ವ್ಯತ್ಯಾಸ ತಪ್ಪಿದರೆ ಕುದುರೆ ಬಲ್ಲವರು ದೂರದಿಂದಲೇ ಹಿಡಿಯುತ್ತಾರೆ. ಕಣ್ಣಿಗೆ ಬಿಳಿ ಹಾಕಬೇಡಿ. ಕುದುರೆಯ ಕಣ್ಣು ಕಪ್ಪು ಕಂದು, ಅದರ ಮೇಲೆ ಒಂದು ಹನಿ ಹೊಳಪಿನ ವಾರ್ನಿಶ್ ಸಾಕು.

ಜೀನು ನೋಡಿ. ಸವಾರ ಕುದುರೆ ಬೆನ್ನಿಗಿಂತ ತುಂಬಾ ಮೇಲೆ ಕೂತಿದ್ದಾನೆ, ಅಲ್ವಾ? ಕೊಸಾಕ್ ಜೀನು ಮರದ ಎತ್ತರದ ಚೌಕಟ್ಟು, ಮೇಲೆ ಚರ್ಮದ ದಿಂಬು. ಆ ದಿಂಬಿನ ಒಳಗೆ ಸುಮಾರು ಏನೇನೋ ಸೇರುತ್ತಿತ್ತು. ಲೂಟಿ ಮಾಲು ಇಡಲು ಅದೇ ಜಾಗ. 1812ರ ಚಳಿಗಾಲದಲ್ಲಿ ಫ್ರೆಂಚರು ಮಾಸ್ಕೋದ ಚರ್ಚುಗಳಿಂದ ಹೊತ್ತೊಯ್ಯುತ್ತಿದ್ದ ಬೆಳ್ಳಿಯನ್ನು ಕೊಸಾಕರು ದಾರಿಯಲ್ಲಿ ಕಿತ್ತುಕೊಂಡರು. ಅದರಲ್ಲಿ ಒಂದು ಪಾಲನ್ನು ಸೇಂಟ್ ಪೀಟರ್ಸ್‌ಬರ್ಗಿನ ಕಜಾನ್ ಕೆಥೆಡ್ರಲ್‌ಗೆ ಕೊಟ್ಟರು. ಅಲ್ಲಿ ದೇವರ ಮೂರ್ತಿಪಟಗಳ ಗೋಡೆಗೆ ಆ ಬೆಳ್ಳಿ ಹೊದಿಸಿದರು. ಉಳಿದ ಪಾಲು ಎಲ್ಲಿ ಹೋಯಿತು ಅಂತ ಆ ದಿಂಬುಗಳನ್ನೇ ಕೇಳಬೇಕು. ದಿಂಬಿಗೆ ಗಾಢ ಕಂದು ಹಚ್ಚಿ, ತೊಡೆ ತಾಗಿ ಸವೆಯುವ ಜಾಗದಲ್ಲಿ ತಿಳಿ ಕಂದು ಎಳೆಯಿರಿ.

ಇಲ್ಲೊಂದು ಪಕ್ಕದ ಕಥೆ ಹೇಳಲೇಬೇಕು. ಇದೇ ದೋನ್ ಕೊಸಾಕರು ಒಮ್ಮೆ ಭಾರತಕ್ಕೆ ಹೊರಟಿದ್ದರು. 1801ರ ಜನವರಿ. ಜಾರ್ ಪಾವೆಲ್‌ಗೆ ಇಂಗ್ಲಿಷರ ಮೇಲೆ ಕೋಪ, ನೆಪೋಲಿಯನ್ ಮೇಲೆ ಹೊಸದಾಗಿ ಪ್ರೀತಿ. ಶ್ರೀರಂಗಪಟ್ಟಣ ಬಿದ್ದು ಇನ್ನೂ ಎರಡು ವರ್ಷ ಆಗಿರಲಿಲ್ಲ, ಇಲ್ಲಿ ಕಂಪನಿ ಸರ್ಕಾರಕ್ಕೆ ಎದುರು ನಿಲ್ಲುವವರು ಕಡಿಮೆಯಾಗುತ್ತಿದ್ದರು. ಜಾರ್ ದೋನ್ ಅತಮಾನ್ ಓರ್ಲೋವ್‌ಗೆ ಅಪ್ಪಣೆ ಕೊಟ್ಟ: ಹೊರಡಿ, ಮಧ್ಯ ಏಷ್ಯಾದ ಖೀವಾ ಬುಖಾರಾ ದಾಟಿ ಸಿಂಧೂ ನದಿಗೆ ಹೋಗಿ ಇಂಗ್ಲಿಷರನ್ನು ಹೊಡೆಯಿರಿ. ನಕ್ಷೆ ಖೀವಾ ಮತ್ತು ಅಮು ದರ್ಯಾ ನದಿಯ ತನಕ ಮಾತ್ರ ಇದೆ, ಮುಂದಿನ ದಾರಿ ನೀವೇ ವಿಚಾರಿಸಿಕೊಳ್ಳಿ! ಸುಮಾರು 22,000 ಕೊಸಾಕರು ಚಳಿಗಾಲದ ಕೊನೆಯಲ್ಲಿ ಹೊರಟರು. ಮೇವಿಲ್ಲ, ಊಟವಿಲ್ಲ, ವೋಲ್ಗಾ ನದಿಯ ಮಂಜುಗಡ್ಡೆ ಕಾಲಡಿಯಲ್ಲೇ ಒಡೆಯುತ್ತಿತ್ತು. ಮಾರ್ಚಿನಲ್ಲಿ ಪಾವೆಲ್‌ನನ್ನು ಅವನ ಅರಮನೆಯಲ್ಲೇ ಕೊಂದರು. ಹೊಸ ಜಾರ್ ಅಲೆಕ್ಸಾಂಡರ್ ಮಾಡಿದ ಮೊದಲ ಕೆಲಸಗಳಲ್ಲಿ ಇವರನ್ನು ವಾಪಸ್ ಕರೆಸಿದ್ದೂ ಒಂದು. ಅವರು ಆಗ ವೋಲ್ಗಾ ದಾಟಿ ಸ್ವಲ್ಪ ದೂರ ಬಂದಿದ್ದರು, ಅಷ್ಟೇ. ಸತ್ತ ಕುದುರೆಗಳ ನಷ್ಟ ಯಾರ ತಲೆಗೆ ಬಂತು ಅಂತ ನಿಮಗೇ ಗೊತ್ತು.

ಆ ದಂಡಿನ ಒಂದು ಭಾಗವನ್ನು ನಡೆಸಿದವನು ಮತ್ವೇಯ್ ಪ್ಲಾತೋವ್. ಈ ಕೆಲಸಕ್ಕಾಗಿಯೇ ಅವನನ್ನು ಜೈಲಿನಿಂದ ಬಿಡಿಸಿದ್ದರು. ಓರ್ಲೋವ್ ಸತ್ತ ಮೇಲೆ ಅವನೇ ಅತಮಾನ್ ಆದ. 1812ರಲ್ಲಿ ನೆಪೋಲಿಯನ್ ಗಡಿಯ ನೀಮನ್ ನದಿ ದಾಟಿ ರಷ್ಯಾಕ್ಕೆ ಬಂದಾಗ ದೋನ್ ಕೊಸಾಕರ ಮುಂದಾಳು ಇವನೇ. ನಮ್ಮ ಗೊಂಬೆ ಅವನ ಸವಾರರಲ್ಲಿ ಒಬ್ಬ.

ಈಗ ಬಟ್ಟೆಗೆ ಬರೋಣ. ನಿಯಮದ ಪ್ರಕಾರ ದೋನ್ ಕೊಸಾಕನ ಉಡುಪು ಇಷ್ಟು: ಕಡುನೀಲಿ ಅಂಗಿ, ಗುಂಡಿ ಬದಲು ಕೊಕ್ಕೆ, ಕಾಲರಿನ ಅಂಚಿಗೆ ಕೆಂಪು ಗೆರೆ. ಕಡುನೀಲಿ ಸಡಿಲ ಷರಾಯಿ, ಪಕ್ಕದಲ್ಲಿ ಅಗಲ ಕೆಂಪು ಪಟ್ಟಿ. ಕುರಿಮರಿ ತುಪ್ಪಳದ ಕಪ್ಪು ಟೋಪಿ, ಅದರ ಪಕ್ಕಕ್ಕೆ ಇಳಿಬಿದ್ದ ಕೆಂಪು ಬಟ್ಟೆಯ ಚೀಲ, ಬಿಳಿ ದಾರ. ಪುಸ್ತಕಗಳ ಬಣ್ಣದ ಚಿತ್ರಗಳಲ್ಲಿ ಎಲ್ಲರೂ ಹೀಗೇ ಇರುತ್ತಾರೆ. ಡಬ್ಬಿಯ ಹಿಂದಿನ ಸೂಚನೆಯೂ ಇದನ್ನೇ ಹೇಳುತ್ತದೆ.

ನಡೆದದ್ದು ಬೇರೆ. 1812ರ ಶರತ್ಕಾಲದಲ್ಲಿ, ಮಾಸ್ಕೋ ಶತ್ರುವಿನ ಕೈಯಲ್ಲಿದ್ದಾಗ, ದೋನ್ ನಾಡಿನಿಂದ ಇನ್ನೂ 26 ರೆಜಿಮೆಂಟುಗಳು ರಷ್ಯನ್ ಸೈನ್ಯದ ತರುತಿನೋ ಶಿಬಿರಕ್ಕೆ ಬಂದು ಸೇರಿದವು. ಸೇವೆ ಮುಗಿಸಿ ಮನೆಯಲ್ಲಿದ್ದ ಮುದುಕರು, ಇನ್ನೂ ಮೀಸೆ ಮೂಡದ ಹುಡುಗರು, ಎಲ್ಲ ಹತ್ತಿ ಬಂದಿದ್ದರು. ಅಪ್ಪನ ಕೋಟು, ಅಜ್ಜನ ಕತ್ತಿ, ಸಿಕ್ಕಿದ ಬಂದೂಕು. 1814ರಲ್ಲಿ ಕೊಸಾಕರು ಪ್ಯಾರಿಸ್ ಸೇರಿ ಷಾಂಜ಼ೆಲಿಜ಼ೆ ಬೀದಿಯ ಮರಗಳ ಕೆಳಗೆ ಬಿಡಾರ ಹೂಡಿದರು. ಆಗ ಅಲ್ಲಿದ್ದ ಓಪಿಟ್ಸ್ ಎಂಬ ಚಿತ್ರಕಾರ ಅವರನ್ನು ಕಣ್ಣಾರೆ ನೋಡಿ ಬರೆದ. ಬಣ್ಣ ಹಚ್ಚುವವರು ನೋಡಲೇಬೇಕಾದ ಚಿತ್ರಗಳು ಅವು. ಒಬ್ಬನ ಬಟ್ಟೆ ಇನ್ನೊಬ್ಬನಿಗಿಲ್ಲ.

ಅದಕ್ಕೇ ನಾನು ಹೇಳುವುದು, ಕೊಸಾಕನ ನೀಲಿ ಅಂದರೆ ಒಂದೇ ನೀಲಿ ಅಲ್ಲ. ಮನೆಯವರು ಹೊಲಿಸಿಕೊಟ್ಟ ಬಟ್ಟೆ, ಬಿಸಿಲು ಮಳೆಗೆ ಬಿಳಿಚಿಕೊಂಡಿದೆ. ಪ್ರಷ್ಯನ್ ನೀಲಿಗೆ ಒಂದು ಚೂರು ಕಪ್ಪು ಸೇರಿಸಿ ತಳಬಣ್ಣ. ಮೇಲ್ಬಣ್ಣಕ್ಕೆ ಬಿಳಿ ಸೇರಿಸಬೇಡಿ, ಶಾಲೆ ಯೂನಿಫಾರ್ಮ್ ಆಗಿಬಿಡುತ್ತದೆ. ತಿಳಿ ಬೂದು ಅಥವಾ ಮನುಷ್ಯರ ಮೈಚರ್ಮದ ಬಣ್ಣ ಸೇರಿಸಿ. ಹೆಗಲು, ಮೊಣಕೈ, ಮೊಣಕಾಲಿನ ಮೇಲೆ ಮಾತ್ರ ಎಳೆಯಿರಿ. ಷರಾಯಿಯ ನೀಲಿ ಅಂಗಿಯ ನೀಲಿಗಿಂತ ಸ್ವಲ್ಪ ಬೇರೆ ಇರಲಿ. ಎರಡೂ ಒಂದೇ ಥಾನಿನಿಂದ ಬಂದದ್ದಲ್ಲ. ಕೆಂಪು ಪಟ್ಟಿಗೂ ಅಷ್ಟೇ. ಕೆಂಪಿಗೆ ಬಿಳಿ ಬೆರೆಸಿದರೆ ಗುಲಾಬಿ ಆಗುತ್ತದೆ, ಕಿತ್ತಳೆ ಬೆರೆಸಿ. ಬೂಟಿನ ಹತ್ತಿರ ಮಣ್ಣಿನ ಬಣ್ಣವನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ. ಟೋಪಿಯ ತುಪ್ಪಳಕ್ಕೆ ಪೂರಾ ಕಪ್ಪು ಹಚ್ಚಿ, ಮೇಲೆ ಗಾಢ ಬೂದಿನಿಂದ ಒಮ್ಮೆ ಸವರಿ. ನೀಟಾಗಿ ಕಾಣುವ ಕೊಸಾಕ್ ಬೇಕಿದ್ದರೆ ಜಾರ್‌ನ ಕಾವಲು ಪಡೆಯ ಕೊಸಾಕನನ್ನು ಕೊಳ್ಳಿ. ಅವನದು ಕೆಂಪು ಅಂಗಿ. 1813ರ ಲೈಪ್ಸಿಗ್ ಯುದ್ಧದಲ್ಲಿ ಫ್ರೆಂಚ್ ಕುದುರೆ ಪಡೆ ಜಾರ್ ನಿಂತ ಗುಡ್ಡದ ಹತ್ತಿರವೇ ಬಂದಾಗ ಎದುರು ನುಗ್ಗಿದವರು ಅವರು. ಅವರು ತೊಳೆದು ಇಸ್ತ್ರಿ ಮಾಡಿದ ಹಾಗೆ ಇದ್ದರೂ ಯಾರೂ ತಕರಾರು ಮಾಡಲ್ಲ.

ಇನ್ನು ಈಟಿ. ಸುಮಾರು 3 ಮೀಟರ್ ಉದ್ದದ ಮರದ ಕೋಲು, ತುದಿಗೆ ಕಬ್ಬಿಣ, ಬಾವುಟ ಇಲ್ಲ. ಪೋಲಿಷ್ ಸವಾರರ ಈಟಿಗೆ ಪುಟ್ಟ ಬಾವುಟ ಇರುತ್ತದೆ, ಕೊಸಾಕನದಕ್ಕೆ ಇರುವುದಿಲ್ಲ. 1812ರ ಜುಲೈನಲ್ಲಿ, ಈಗಿನ ಬೆಲಾರುಸ್‌ನ ಮಿರ್ ಎಂಬ ಊರಿನ ಬಳಿ ಪ್ಲಾತೋವ್‌ನ ಕೊಸಾಕರಿಗೂ ನೆಪೋಲಿಯನ್ ಕಡೆಯ ಪೋಲಿಷ್ ಈಟಿ ಸವಾರರಿಗೂ ಹೊಡೆದಾಟ ಆಯಿತು. ಕೊಸಾಕರು ಒಂದು ಸಣ್ಣ ಗುಂಪನ್ನು ಮುಂದೆ ಬಿಟ್ಟು, ಹೆದರಿ ಓಡಿದ ಹಾಗೆ ಓಡಿಸಿದರು. ಪೋಲಿಷರು ಅಟ್ಟಿಸಿಕೊಂಡು ಬಂದರು. ಎರಡೂ ಕಡೆ ಅಡಗಿದ್ದವರು ಸುತ್ತುವರಿದರು. ಮೀನಿನ ಬಲೆಯ ಹೆಸರೇ ಈ ತಂತ್ರಕ್ಕೂ ಇದೆ, ವೆಂತೆರ್ ಅಂತ. ಅಕ್ಟೋಬರಿನಲ್ಲಿ ಮಲೋಯಾರೊಸ್ಲಾವೆತ್ಸ್ ಯುದ್ಧದ ಮಾರನೇ ದಿನ ಬೆಳಗಿನ ಮಬ್ಬಿನಲ್ಲಿ ಕೊಸಾಕರ ಒಂದು ಗುಂಪು ನೆಪೋಲಿಯನ್‌ನನ್ನೇ ಹಿಡಿಯುವಷ್ಟು ಹತ್ತಿರ ಹೋಗಿತ್ತು. ಅವನು ಕೂದಲೆಳೆಯಲ್ಲಿ ಪಾರಾದ. ಅದಾದ ಮೇಲೆ ಸೆರೆಸಿಕ್ಕರೆ ಇರಲಿ ಅಂತ ವಿಷದ ಪೊಟ್ಟಣ ಇಟ್ಟುಕೊಂಡ.

ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಈಟಿ ಯಾವಾಗಲೂ ಬಾಗಿರುತ್ತದೆ. ಕತ್ತರಿಸಿ ಎಸೆಯಿರಿ. 54 ಮಿಲಿಮೀಟರ್ ಗೊಂಬೆಗೆ ಊದುಬತ್ತಿಯ ಬಿದಿರು ಕಡ್ಡಿಗಿಂತ ಒಳ್ಳೆಯ ಈಟಿ ಇಲ್ಲ. ಮರಳು ಕಾಗದದಲ್ಲಿ ಉಜ್ಜಿ ಒಂದು ಮಿಲಿಮೀಟರ್‌ಗೆ ತನ್ನಿ. ಉದ್ದ ಒಂಬತ್ತರಿಂದ ಹತ್ತು ಸೆಂಟಿಮೀಟರ್. ಮುಷ್ಟಿಯಲ್ಲಿ ಸಣ್ಣ ಡ್ರಿಲ್ಲಿನಿಂದ ತೂತು ಮಾಡಿ ತೂರಿಸಿ. ಚಿಕ್ಕ 1:72 ಅಳತೆಯ, ಅಂದರೆ ನಿಜದ 72ರಲ್ಲಿ ಒಂದು ಪಾಲಿನ, ಗೊಂಬೆಯಾದರೆ ಗಿಟಾರಿನ ತಂತಿ. ಕೋಲಿಗೆ ಕೆಂಪು ಹಚ್ಚುವ ರೂಢಿ ಇದೆ. ಬರೀ ಮರದ ಬಣ್ಣ ಬಿಟ್ಟರೂ ತಪ್ಪಿಲ್ಲ.

ಈ ಈಟಿಯೇ ಲಂಡನ್ನಿಗೂ ಹೋಗಿತ್ತು. 1813ರಲ್ಲಿ ಜೆಮ್ಲೆನೂಖಿನ್ ಎಂಬ ಗಡ್ಡದ ಕೊಸಾಕ್ ಅಲ್ಲಿಗೆ ಹೋದಾಗ ನೋಡಲು ಜನ ಮುಗಿಬಿದ್ದರು, ಅವನ ಚಿತ್ರದ ಅಚ್ಚುಗಳು ಮಾರಾಟವಾದವು. ಮರುವರ್ಷ ಪ್ಲಾತೋವ್ ಹೋದಾಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅವನಿಗೆ ಗೌರವ ಪದವಿ ಕೊಟ್ಟಿತು. ಆಟಿಕೆ ಅಂಗಡಿಯ ಕೊಸಾಕ್ ಹುಟ್ಟಿದ್ದು ಆ ಎರಡು ವರ್ಷಗಳ ಹುಚ್ಚಿನಲ್ಲಿ ಅಂತ ನನ್ನ ಊಹೆ.

ಈಗ ಗೊಂಬೆಯ ಬಲಗೈ ಮಣಿಕಟ್ಟನ್ನು ಹತ್ತಿರದಿಂದ ನೋಡಿ. ಭೂತಗನ್ನಡಿ ಇಟ್ಟಿದ್ದೇನೆ. ಸಣ್ಣ ಕುಣಿಕೆ, ಅದರಿಂದ ಗಿಡ್ಡ ಹಿಡಿ, ಹಿಡಿಯಿಂದ ಹೆಣೆದ ಚರ್ಮ ಇಳಿಬಿದ್ದಿದೆ. ಇದು ನಗೈಕಾ, ಚಾವಟಿ. ಮಾಮೂಲಿ ರಷ್ಯನ್ ಕುದುರೆ ಸೈನಿಕ ಬೂಟಿನ ಹಿಮ್ಮಡಿಗೆ ಲೋಹದ ಮುಳ್ಳು ಕಟ್ಟಿರುತ್ತಾನೆ, ಅದರಿಂದ ಕುದುರೆಯನ್ನು ತಿವಿಯುತ್ತಾನೆ. ಕೊಸಾಕನಿಗೆ ಅದಿಲ್ಲ. ಅವನದು ಚಾವಟಿ. ಡಬ್ಬಿಯ ಗೊಂಬೆಯ ಬೂಟಿಗೆ ಮುಳ್ಳು ಇದ್ದರೆ ಕೆರೆದು ತೆಗೆಯಿರಿ.

ಚಾವಟಿಗೆ ಗಾಢ ಕಂದು ಹಚ್ಚಿ ಒಣಗಲು ಬಿಡಿ. ಅತಿ ಸಣ್ಣ ಬ್ರಷ್ಷಿನ ತುದಿಯಲ್ಲಿ ತಿಳಿ ಕಂದು ತಗೊಂಡು ಓರೆ ಓರೆ ಗೆರೆ ಹಾಕಿ, ಮೊದಲು ಒಂದು ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ. ಹೆಣಿಗೆ ಕಾಣುತ್ತದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ.

ಹೀಗೆ ಗೆರೆ ಎಳೆಯುವಾಗ ನನಗೆ ಈ ಚಾವಟಿ ಮುಂದೆ ಎಲ್ಲೆಲ್ಲಿ ಬಿತ್ತು ಅನ್ನುವುದೂ ನೆನಪಾಗುತ್ತದೆ. 19ನೇ ಶತಮಾನ ಮುಗಿಯುವಷ್ಟರಲ್ಲಿ ದಂಗೆಕೋರರ ಮೊಮ್ಮಕ್ಕಳು ಜಾರ್‌ನ ಪೊಲೀಸರಂತೆ ಆಗಿದ್ದರು. 1905ರಲ್ಲಿ ಮುಷ್ಕರ ಹೂಡಿದ ಕಾರ್ಮಿಕರ, ವಿದ್ಯಾರ್ಥಿಗಳ ಬೆನ್ನ ಮೇಲೆ ಬಿದ್ದದ್ದು ನಗೈಕಾ. ಯಹೂದಿಗಳ ನೆನಪಿನಲ್ಲಂತೂ ಕೊಸಾಕ್ ಎಂದರೆ ಭಯ. 1648ರಲ್ಲಿ ಜಪೊರೋಜ್ಯ ಕೊಸಾಕರ ನಾಯಕ ಖ್ಮೆಲ್ನಿತ್ಸ್ಕಿ ಪೋಲೆಂಡಿನ ವಿರುದ್ಧ ಎದ್ದ ದಂಗೆಯಲ್ಲಿ ಸಾವಿರಾರು ಯಹೂದಿಗಳನ್ನು ಕೊಂದರು. ಅದೇ ಖ್ಮೆಲ್ನಿತ್ಸ್ಕಿಯ ಕುದುರೆ ಸವಾರಿ ಪ್ರತಿಮೆ ಕೀವ್ ನಗರದ ನಡುವೆ ನಿಂತಿದೆ. ಒಬ್ಬರಿಗೆ ವೀರ, ಇನ್ನೊಬ್ಬರಿಗೆ ಕೊಲೆಗಾರ. ಗೊಂಬೆಯ ಡಬ್ಬಿಯಲ್ಲಿ ಇದು ಯಾವುದೂ ಇರುವುದಿಲ್ಲ, ಇರಬೇಕು ಅಂತಲೂ ನಾನು ಹೇಳುತ್ತಿಲ್ಲ. ಬಣ್ಣ ಹಚ್ಚುವವನಿಗೆ ಗೊತ್ತಿರಬೇಕು, ಅಷ್ಟೇ.

1917ರ ಫೆಬ್ರವರಿಯಲ್ಲಿ ಆಗಿನ ರಾಜಧಾನಿ ಪೆತ್ರೊಗ್ರಾದ್ ಬೀದಿಗಳಲ್ಲಿ ರೊಟ್ಟಿಗಾಗಿ ಜನ ಸೇರಿದಾಗ ಎಂದಿನಂತೆ ಕೊಸಾಕರನ್ನು ಕಳಿಸಿದರು. ಈ ಸಲ ಅವರು ಹೊಡೆಯಲಿಲ್ಲ. ಹಳೇ ರಷ್ಯನ್ ಪಂಚಾಂಗದ ಫೆಬ್ರವರಿ 25ರಂದು ಜ್ನಾಮೆನ್ಸ್ಕಾಯಾ ಚೌಕದಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಸತ್ತ. ಅವನನ್ನು ಕಡಿದದ್ದು ಒಬ್ಬ ಕೊಸಾಕ್ ಅಂತ ಅಲ್ಲಿದ್ದವರು ಹೇಳಿದರು. ಜಾರ್‌ನ ಕಥೆ ಕೆಲವೇ ದಿನಗಳಲ್ಲಿ ಮುಗಿಯಿತು. ಮುಂದೆ ಅಂತರ್ಯುದ್ಧದಲ್ಲಿ ಕೊಸಾಕರು ಎರಡೂ ಕಡೆ ಹೋರಾಡಿದರು. ಅಧಿಕಾರ ಹಿಡಿದಿದ್ದ ಕಮ್ಯುನಿಸ್ಟ್ ಬೊಲ್ಶೆವಿಕರು 1919ರ ಜನವರಿ 24ರ ಸುತ್ತೋಲೆಯಲ್ಲಿ ಸ್ಥಿತಿವಂತ ಕೊಸಾಕರ ಮೇಲೆ ಸಾಮೂಹಿಕ ದಮನಕ್ಕೆ ಅಪ್ಪಣೆ ಕೊಟ್ಟರು. ದೋನ್ ಹಳ್ಳಿಗಳು ಖಾಲಿಯಾದವು.

ಕುದುರೆಯ ಖರ್ಚು ಮಾತ್ರ ಕೊನೆಯವರೆಗೂ ಅವರ ತಲೆ ಮೇಲೇ ಇತ್ತು. 1875ರ ಕಾನೂನಿನಂತೆ ದೋನ್ ಕೊಸಾಕ್ 18 ವರ್ಷ ತುಂಬಿದರೆ ಒಟ್ಟು 20 ವರ್ಷಗಳ ಸೇವೆಗೆ ಕಟ್ಟುಬೀಳುತ್ತಿದ್ದ. ಅದರಲ್ಲಿ 3 ವರ್ಷ ತಯಾರಿ, 12 ವರ್ಷ ಸೇವೆ, 5 ವರ್ಷ ಮೀಸಲು. ಮಗ ಸೇವೆಗೆ ಹೊರಟ ಅಂದರೆ ಮನೆಯ ಎತ್ತು ಮಾರಿ ಕುದುರೆ ಕೊಳ್ಳುವ ಕುಟುಂಬಗಳಿದ್ದವು. ಮೂರು ಗಂಡು ಮಕ್ಕಳಿದ್ದರೆ ಲೆಕ್ಕ ನೀವೇ ಹಾಕಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಉಪಯೋಗಕ್ಕೆ ಬರುವ ಎರಡು ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಗೊಂಬೆಯ ಮುಖ ಹೇಗೆ ಅಂತ ಒಬ್ಬರು ಕೇಳಿದರು. ವರ್ಷವಿಡೀ ಬಯಲಲ್ಲಿ ಇರುವವನು, ಗುಲಾಬಿ ಬಣ್ಣ ಬೇಡ. ಕಂದು ಬೆರೆತ ಚರ್ಮದ ಬಣ್ಣ ತಳಕ್ಕೆ, ಅದರ ಮೇಲೆ ನೀರಾದ ಕೆಂಗಂದು ಹರಿಯಬಿಡಿ, ಒಣಗಿದ ಮೇಲೆ ಮೂಗು, ಕೆನ್ನೆಮೂಳೆ, ಕೆಳತುಟಿಗೆ ತಿಳಿ ಬಣ್ಣ. ಟೋಪಿಯ ನೆರಳು ಬೀಳುವ ಹಣೆ ಗಾಢವಾಗಿಯೇ ಇರಲಿ. ಗಡ್ಡಕ್ಕೆ ಅಚ್ಚ ಕಪ್ಪು ಹಚ್ಚಬೇಡಿ. ಕಂದು, ಹುಲ್ಲಿನ ಬಣ್ಣ, ವಯಸ್ಸಾದವನಿಗೆ ಬೂದು.

ಮಳೆಗಾಲದಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದರೆ ಗೊಂಬೆ ಮೇಲೆ ಬೂದಿ ಬಿದ್ದ ಹಾಗೆ ಬೆಳ್ಳಗಾಗುತ್ತದಲ್ಲ, ಯಾಕೆ ಅಂತ ಮಂಗಳೂರಿನಿಂದ ಬಂದವರೊಬ್ಬರು ಕೇಳಿದರು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಹಾಗೇ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಮುಟ್ಟದೆ ಇರುವುದೇ ಒಳ್ಳೆಯದು. ಬ್ರಷ್ಷಿನಿಂದ ಹಚ್ಚುವ ಅಕ್ರಿಲಿಕ್ ವಾರ್ನಿಶ್ ಬಳಸಿ. ಬೆಳ್ಳಗಾದದ್ದನ್ನು ಸರಿಮಾಡಲು ಒಣ ದಿನ ನೋಡಿ ಹೊಳಪಿನ ವಾರ್ನಿಶ್ ಒಂದು ಪದರ ಹಚ್ಚಿ, ಆಮೇಲೆ ಮತ್ತೆ ಮ್ಯಾಟ್. ಬಹಳ ಸಲ ಸರಿಹೋಗುತ್ತದೆ.

ಅಜ್ಜನ ಕಾಲದ ಸೀಸದ ಕೊಸಾಕ್ ಮನೆಯಲ್ಲಿದೆ, ಬಣ್ಣ ಉದುರಿದೆ, ಹೊಸದಾಗಿ ಹಚ್ಚಬಹುದಾ ಅಂತ ಇನ್ನೊಬ್ಬರು ಕೇಳಿದರು. ಬೇಡ. ಉದುರಿದ ಹಳೇ ಬಣ್ಣಕ್ಕೇ ಬೆಲೆ, ಸಂಗ್ರಹಕಾರರು ಹುಡುಕುವುದೂ ಅದನ್ನೇ. ಮೃದುವಾದ ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಸೀಸವನ್ನು ಮರಳು ಕಾಗದದಲ್ಲಿ ಉಜ್ಜಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಓಕ್ ಮರದ ಕಪಾಟಿನಲ್ಲಿ ಮಾತ್ರ ಇಡಬೇಡಿ. ಆ ಮರದಿಂದ ಹೊರಡುವ ಹುಳಿ ಆವಿಗೆ ಸೀಸ ನಿಧಾನವಾಗಿ ಬಿಳಿ ಪುಡಿಯಾಗುತ್ತದೆ. ಒಮ್ಮೆ ಶುರುವಾದರೆ ಪಕ್ಕದ ಗೊಂಬೆಗಳನ್ನೂ ದೂರ ಇಡಬೇಕಾಗುತ್ತದೆ. ಗಾಜಿನ ಕಪಾಟು, ಲೋಹದ ಚೌಕಟ್ಟು, ಸ್ವಲ್ಪ ಗಾಳಿಯಾಡುವ ಜಾಗ, ಅಷ್ಟಿದ್ದರೆ ಆಯಿತು.